ಅವ್ವನ ಎಡಗೈ

ಅವ್ವ ಇಷ್ಟಲಿಂಗದ ಪೂಜೆ ಮಾಡದೆ ಬಾಯಿಗೆ ನೀರು ಹಾಕಿದವಳಲ್ಲ. ದಾಂಡೇಲಿಯಲ್ಲಿ ಮಿಲ್ಲಿನ ಭೋಂಗಾ ಊದುವುದರೊಳಗೆ ಅವಳ ಪೂಜೆ ಮುಗಿದಿರುತ್ತಿತ್ತು. ಪಾಳಿಗೆ ಹೊರಟ ಅಪ್ಪನಿಗೆ ಚಹಾ ಆಮೇಲೆ. ಜ್ವರ ಬಂದರೂ ಅದೇ ನೇಮ. "ದೇವರಿಗೇನ ಗಡಿಯಾರ ಐತೇನವ್ವಾ?" ಎಂದು ನಾನು ಕಾಡಿಸುತ್ತಿದ್ದೆ. "ದೇವರಿಗಿಲ್ಲ, ನನಗ ಐತಿ" ಎನ್ನುತ್ತಿದ್ದಳು.

ಹೋದ ವರ್ಷ ಲಕ್ವಾ ಹೊಡೆದು ಅವಳ ಬಲಗೈ, ಬಲಗಾಲು, ಮಾತು ಎಲ್ಲ ಹೋದವು. ನುಂಗಲಾರಳೆಂದು ಆಸ್ಪತ್ರೆಯಲ್ಲಿ ಮೂಗಿನಿಂದ ಹೊಟ್ಟೆಗೆ ಪೈಪು ಹಾಕಿ ಮನೆಗೆ ಕಳಿಸಿದರು. ಬೆಳಿಗ್ಗೆ ಆರಕ್ಕೆ, ಪೂಜೆಯಿಲ್ಲದೆ, ಮೊದಲ ಗಂಜಿ. ಎರಡನೆಯ ದಿನವೇ ಅವಳು ಎಡಗೈಯಿಂದ ಪೈಪು ಕಿತ್ತಳು. ಹಳಿಯಾಳದ ಡಾಕ್ಟರು ಬಂದು ಮತ್ತೆ ಹಾಕಿ, "ಕೈ ಕಟ್ರಿ. ಹೊಟ್ಟಿಗೆ ಹೋಗಲಿಲ್ಲಂದ್ರ ಉಳಿಯೂದಿಲ್ಲ ಅವರು" ಎಂದರು. ಮೆತ್ತನೆಯ ಬಟ್ಟೆಯಿಂದ ಮಂಚದ ಪಟ್ಟಿಗೆ ಕಟ್ಟಿದೆ. ಲಿಂಗ ಇಟ್ಟುಕೊಳ್ಳುವುದು ಎಡ ಅಂಗೈಯಲ್ಲಿ. ಆ ಕೈಯನ್ನೇ ಕಟ್ಟಿದ್ದೆ.

ಮಠದ ಸ್ವಾಮಿಗಳನ್ನು ಕೇಳಿದೆ. "ರೋಗಕ್ಕ ನೇಮ ಇಲ್ಲವ್ವಾ. ಆಕಿ ಪರವಾಗಿ ನೀನ ಪೂಜಾ ಮಾಡು. ಲಿಂಗ ಧರಿಸಿದ ದೇಹಾನ ಉಪಾಸ ಕೆಡವಬಾರದು" ಎಂದರು. ವೈದ್ಯಶಾಸ್ತ್ರ, ಧರ್ಮಶಾಸ್ತ್ರ ಎರಡರದೂ ಒಂದೇ ಮಾತು. ನನಗೆ ಸಿಟ್ಟೇ ಬಂತು. ಅತ್ತ ದರಿ, ಇತ್ತ ಪುಲಿ ಎನ್ನುತ್ತಾರೆ. ನನಗೆ ಎರಡೂ ಕಡೆಯಿಂದ ಅಪ್ಪಣೆ ಸಿಕ್ಕಿತ್ತು, ಆದರೂ ಕಾಲಿಡಲು ಜಾಗವಿರಲಿಲ್ಲ. ಅವ್ವನನ್ನು ಕೇಳು ಎಂದು ಇಬ್ಬರೂ ಹೇಳಲಿಲ್ಲ.

ಕೊನೆಗೆ ನಾನೇ ಒಂದು ದಾರಿ ಹುಡುಕಿದೆ, ದೊಡ್ಡ ಜಾಣೆಯ ಹಾಗೆ. ಗಂಜಿಗೆ ಮೊದಲು ಕಟ್ಟು ಬಿಚ್ಚಿ, ಅವಳ ಕೊರಳಿನ ಬೆಳ್ಳಿ ಕರಡಿಗೆಯಿಂದ ಲಿಂಗ ತೆಗೆದು ಅಂಗೈಯಲ್ಲಿಟ್ಟೆ. ವಿಭೂತಿ ಹಚ್ಚಿದೆ, ಪತ್ರಿ ಏರಿಸಿದೆ. ಅವಳು ಕಣ್ಣು ಕೀಳದೆ ನೋಡಿದಳು. ಆಮೇಲೆ ಗಂಜಿ ಹಾಕಿದರೆ ಸುಮ್ಮನಿದ್ದಳು. ಅವಳಿಗೆ ಬೇಕಾದದ್ದು ಇಷ್ಟೇ ಎಂದು ನನಗೆ ಅಳು ಬರುವಷ್ಟು ಸಂತೋಷವಾಯಿತು. ಮೂರು ದಿನ ಹೀಗೇ ನಡೆಯಿತು.

ನಾಲ್ಕನೆಯ ದಿನ ಪೂಜೆ ಮುಗಿಸಿ ನಾನು ಲಿಂಗವನ್ನು ಕರಡಿಗೆಯೊಳಗೆ ಇಡುತ್ತಿದ್ದಾಗ ಅವಳ ಕೈ ನೆಟ್ಟಗೆ ಮೂಗಿಗೆ ಹೋಯಿತು. ಆತುರವೇನೂ ಇರಲಿಲ್ಲ. ಪೈಪನ್ನು ಎಳೆದು ಹಾಸಿಗೆಯ ಮೇಲಿಟ್ಟು ನನ್ನನ್ನು ನೋಡಿದಳು.

"ಯಾಕವ್ವಾ? ಪೂಜಾ ಆತಲ್ಲ?" ಎಂದೆ.

ಅವಳು ಕಣ್ಣು ಮುಚ್ಚಿದಳು. ಅವಳು ಬೇಡವೆನ್ನುತ್ತಿದ್ದುದು ಪೂಜೆಗೆ ಮೊದಲಿನ ಗಂಜಿಯನ್ನಲ್ಲ, ಗಂಜಿಯನ್ನೇ ಎಂದು ನನಗೆ ಗೊತ್ತಾಯಿತು. ಗೊತ್ತಾಗದವಳಂತೆ ಡಾಕ್ಟರಿಗೆ ಫೋನ್ ಮಾಡಿದೆ. ಮತ್ತೆ ಹಾಕುವಾಗ ಅವಳ ಮೂಗಿನಿಂದ ರಕ್ತ ಬಂತು. ಅವಳನ್ನು ಕಳಿಸಿಕೊಡುವ ಧೈರ್ಯ ನನಗಿಲ್ಲ. ಅದಕ್ಕೇ ಸ್ವಾಮಿಗಳ ಮಾತನ್ನು ಅಡ್ಡ ಹಿಡಿದು ನಿಂತಿದ್ದೇನೆ.

ಈಗಲೂ ದಿನಾ ಕಟ್ಟು ಬಿಚ್ಚುತ್ತೇನೆ, ಪೂಜೆ ಮಾಡಿಸುತ್ತೇನೆ. ಮುಗಿದ ಮೇಲೆ ನಾನು ಕಟ್ಟುವ ಬಟ್ಟೆ ಹುಡುಕುವ ಮೊದಲೇ ಅವ್ವ ತನ್ನ ಎಡಗೈಯನ್ನು ತಾನೇ ಮಂಚದ ಪಟ್ಟಿಯ ಮೇಲೆ ಇಡುತ್ತಾಳೆ.