ಬೆಂಕಿ ಹತ್ತದ ಔಷಧಿ

ಹೋದ ವಾರ ಸಾಗರದ ಮೊಬೈಲ್ ರಿಪೇರಿ ಅಂಗಡಿಯೊಂದರಲ್ಲಿ ನನ್ನ ಫೋನ್ ಬಿಚ್ಚಿಟ್ಟಿದ್ದರು. ಅಂಗಡಿ ನಡೆಸುವ ಹೆಂಗಸು ಬೆಸುಗೆ ಹಾಕಿ ಮುಗಿಸಿದರು. ಸುತ್ತ ಉಳಿದ ಕಂದು ಅಂಟನ್ನು ಒರೆಸುವ ಮೊದಲು ಬೆಸುಗೆ ಕಡ್ಡಿಯ ಸ್ವಿಚ್ ಆರಿಸಿ, ಫ್ಯಾನ್ ಹಾಕಿ, ಬಾಗಿಲನ್ನು ಪೂರ್ತಿ ತೆರೆದರು. ಆಮೇಲೆ ಸಣ್ಣ ಬ್ರಷ್ಷಿಗೆ ಸ್ಪಿರಿಟ್ ಮುಟ್ಟಿಸಿ ಉಜ್ಜತೊಡಗಿದರು. ಕಾದ ರಾಳದ ವಾಸನೆ ಮೂಗಿಗೆ ಬಂತು. ಹಿಂದೆ ಇದಕ್ಕೆ ಬೆಂಕಿ ಹತ್ತದ ಒಂದು ದ್ರವ ಬಳಸುತ್ತಿದ್ದರು, ಸಿಹಿ ವಾಸನೆಯದು, ಎಂದೆ.

"ಸಿ.ಟಿ.ಸಿ.ನಾ ಸರ್, ಕಾರ್ಬನ್ ಟೆಟ್ರಾಕ್ಲೋರೈಡ್? ಅದನ್ನ ಈಗ ಯಾರೂ ಮುಟ್ಟಲ್ಲ. ಉಸಿರಲ್ಲಿ ಹೋದ್ರೆ ಲಿವರ್ ತಿನ್ನುತ್ತೆ. ಕೆಂಡಕ್ಕೆ ಬಿದ್ರಂತೂ ವಿಷದ ಗಾಳಿ" ಎಂದರು, ತಲೆಯೆತ್ತದೆ.

ನಾನು ಅಲ್ಲಿದ್ದ ಸ್ಟೂಲಿನ ಮೇಲೆ ಕುಳಿತೆ...

ಅರವತ್ತರ ದಶಕದ ಕೊನೆಯಲ್ಲಿ ಇದೇ ಊರಿನಿಂದ ಪತ್ರಿಕೆಯೊಂದಕ್ಕೆ ಸುದ್ದಿ ಕಳಿಸುತ್ತಿದ್ದೆ. ನನ್ನ ಬಾಡಿಗೆ ಕೋಣೆಯ ಪಕ್ಕದಲ್ಲೇ ರೇಡಿಯೋ ರಿಪೇರಿಯವರಿದ್ದರು. ಮುಂದೆ ಅಂಗಡಿ, ಹಿಂದೆ ಮನೆ. ಹೆಂಡತಿ, ಒಬ್ಬಳೇ ಮಗಳು. ಬೆಸುಗೆಯ ಅಂಟು ಹಾಗೇ ಬಿಟ್ಟರೆ ನಮ್ಮ ಕಡೆಯ ಮಳೆಗಾಲದ ತೇವ ಅದರಲ್ಲಿ ಕೂತು ಹಸಿರು ಕಿಲುಬು ಹಿಡಿಯುತ್ತಿತ್ತು, ಟ್ರಾನ್ಸಿಸ್ಟರು ಕರಕರ ಎನ್ನುತ್ತಿತ್ತು. ಆದ್ದರಿಂದ ಅವರು ಪ್ರತಿ ಬೋರ್ಡನ್ನೂ ತೊಳೆದು, ಅಗ್ಗಿಷ್ಟಿಕೆಯ ಕಾವಿನಲ್ಲಿ ಒಣಗಿಸಿಯೇ ಕೊಡುತ್ತಿದ್ದರು.

ಮೊದಲು ಪೆಟ್ರೋಲಿನಲ್ಲಿ ತೊಳೆಯುತ್ತಿದ್ದರು. ಒಮ್ಮೆ ಒರೆಸುವ ಬಟ್ಟೆಗೆ ಕೆಂಡ ತಾಗಿ ಮೇಜೇ ಉರಿಯಿತು. ಆಮೇಲೆ ಶಿವಮೊಗ್ಗದ ಡ್ರೈಕ್ಲೀನಿಂಗ್ ಅಂಗಡಿಯಿಂದ ಈ ದ್ರವ ತರಿಸಿದರು. ಅವರ ಬಾಯಲ್ಲಿ ಅದು ಔಷಧಿ. ತುಂಬಿಸಲು ಸಿಕ್ಕಿದ್ದು ಖಾಲಿ ಬ್ರಾಂದಿ ಬಾಟಲಿ. ಮೇಲಿನ ಚೀಟಿ ಕೀಳುವ ಗೋಜಿಗೆ ಹೋಗಲಿಲ್ಲ. ಬೆಂಕಿ ಹತ್ತುವುದಿಲ್ಲವೆಂದ ಮೇಲೆ ಭಯವೇನು? ಮಳೆಯ ಎರಚಲು ಬರದಂತೆ ಬಾಗಿಲು ಕಿಟಕಿ ಮುಚ್ಚಿ, ಅಗ್ಗಿಷ್ಟಿಕೆಯನ್ನು ಪಕ್ಕಕ್ಕೆ ಎಳೆದುಕೊಂಡು ದಿನವಿಡೀ ಕೂರುತ್ತಿದ್ದರು.

ಮರುವರ್ಷದ ಮಳೆಗಾಲಕ್ಕೆ ಅವರ ನಡಿಗೆ ತಪ್ಪತೊಡಗಿತು. ತಲೆನೋವು, ಊಟ ಬೇಡ, ಕಣ್ಣು ಕೆಂಪು, ಬಟ್ಟೆಯಲ್ಲೆಲ್ಲ ಆ ಸಿಹಿ ವಾಸನೆ. ಪಾನನಿರೋಧ ಸಡಿಲಗೊಂಡ ಹೊಸದು. ಊರಿಗೆ ಎಲ್ಲರ ಬಾಯಿ ಮೂಸುವ ಚಟ. ಹೋಟೆಲಿನಲ್ಲಿ ಅವರ ಕೈಯ ಲೋಟ ನಡುಗಿದರೆ ಪಕ್ಕದ ಬೆಂಚಿನವರು, "ಬೆಳಿಗ್ಗೇನೇ ಸ್ಟೇಷನ್ ಹಿಡಿದ್ರಾ ಮಾರಾಯ್ರೆ" ಎನ್ನುತ್ತಿದ್ದರು. ಅವರೂ ನಗುತ್ತಿದ್ದರು. ಜೀವಮಾನದಲ್ಲಿ ಸೇಂದಿ ಕೂಡ ಮುಟ್ಟಿದವರಲ್ಲ.

ಮಗಳಿಗೆ ಹೊಸನಗರದ ಕಡೆಯ ಸಂಬಂಧ ಬಂತು. ಹುಡುಗ ಮೇಷ್ಟ್ರು, ರೇಡಿಯೋ ರಿಪೇರಿಗೆ ಕೊಡಲು ಬಂದಾಗ ಅವಳನ್ನು ಕಂಡು ಮೆಚ್ಚಿದ್ದ. ಅವಳಿಗೂ ಮನಸ್ಸಿತ್ತು. ಹಿರಿಯರು ಬಂದು ನೋಡಿದರೆ ಮುಗಿಯಿತು. ಆದರೆ ಹೇಳಿದ್ದ ಬಸ್ಸಿಗಿಂತ ಮುಂಚಿನ ಬಸ್ಸಿಗೇ ಅವರು ಬಂದುಬಿಟ್ಟರು. ಮುಚ್ಚಿದ ಅಂಗಡಿಯೊಳಗೆ ಬೋರ್ಡು ತೊಳೆಯುತ್ತಿದ್ದ ರಿಪೇರಿಯವರು ಗಡಿಬಿಡಿಯಲ್ಲಿ ಎದ್ದು ಬಂದು, ಹೊಸಿಲು ಎಡವಿ ಹುಡುಗನ ತಂದೆಯ ಮೇಲೇ ಒರಗಿದರು. ಮನೆಯವನಂತೆ ಜೊತೆಗಿರಲೆಂದು ನನ್ನನ್ನೂ ಕರೆದಿದ್ದರು. ಆ ಹಿರಿಯರು ಮೂಗು ಮುರಿದದ್ದನ್ನು ಕಂಡೆ.

"ಇವತ್ತೊಂದು ದಿನ ಆದ್ರೂ ಬಿಡಬಹುದಿತ್ತು" ಎಂದರು ಅವರು, ಮೆಲ್ಲಗೆ.

ರಿಪೇರಿಯವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದದ್ದೇ ಮೇಜಿನ ಮೇಲಿಂದ ಬಾಟಲಿ ತಂದರು. ಬ್ರಾಂದಿಯ ಚೀಟಿ ಎಲ್ಲರ ಕಣ್ಣೆದುರು. "ಇದು ಕುಡಿಯೋದಲ್ಲ ರಾಯರೆ. ಬ್ರಾಂದಿಯಾದ್ರೆ ಭಗ್ ಅಂತ ಹತ್ಕೋಬೇಕಿತ್ತು. ನೀವೇ ನೋಡಿ" ಎನ್ನುತ್ತ ಅಗ್ಗಿಷ್ಟಿಕೆಗೆ ಸುರಿದರು. ಕೆಂಡ ಕಪ್ಪಾಯಿತು, ಘಾಟು ಎದ್ದಿತು. ಎಲ್ಲರೂ ಕೆಮ್ಮುತ್ತ ಮಳೆಗೆ ಓಡಿದೆವು. ಅವರೊಬ್ಬರೇ ಒಳಗೆ ನಿಂತು, ನೋಡಿದ್ರಾ, ಹತ್ತಲಿಲ್ಲ, ಎನ್ನುತ್ತಿದ್ದರು. ಹುಡುಗ ಒಮ್ಮೆ ಮನೆಯತ್ತ ತಿರುಗಿ ನೋಡಿ, ಅಪ್ಪನ ಕೊಡೆಯೊಳಗೆ ಸೇರಿಕೊಂಡ.

ಸಂಬಂಧ ಮುರಿಯಿತು. ಕೆಲವೇ ದಿನಗಳಲ್ಲಿ ರಿಪೇರಿಯವರ ಮೈ ಹಳದಿಯಾಯಿತು. ಆಸ್ಪತ್ರೆಯಲ್ಲಿ ಡಾಕ್ಟರು, ಎಷ್ಟು ವರ್ಷದ ಕುಡಿತ ಎಂದು ಕೇಳಿದರು. ಇಲ್ಲವೆಂದಾಗ ನಕ್ಕು, ಎಲ್ಲರೂ ಹೀಗೇ ಹೇಳೋದು ಎಂದರು. ಏನು ಕೆಲಸ ಎಂದು ಕೇಳಲಿಲ್ಲ. ಔಷಧಿಯ ಮೇಲೆ ಯಾರಿಗೂ ಅನುಮಾನವಿರಲಿಲ್ಲ, ಅವರಿಗೂ. ಮಂಚದ ಪಕ್ಕ ಕೂತಿದ್ದ ಹೆಂಡತಿ ದನಿ ತಗ್ಗಿಸಿ, "ನನ್ನ ಹತ್ರ ಆದ್ರೂ ನಿಜ ಹೇಳಿ. ಯಾವಾಗ ಶುರು ಮಾಡಿದ್ರಿ?" ಎಂದರು.

ಅವರು ಗೋಡೆಯ ಕಡೆ ತಿರುಗಿ ಮಲಗಿದರು. ಆ ಮಳೆಗಾಲ ಮುಗಿಯುವ ಮೊದಲೇ ತೀರಿಕೊಂಡರು...

ಮಗಳನ್ನು ತೀರ್ಥಹಳ್ಳಿಯ ವಿಧುರನೊಬ್ಬನಿಗೆ ಕೊಟ್ಟರು. ಕುಡುಕನ ಮಗಳಿಗೆ ಅದಕ್ಕಿಂತ ಒಳ್ಳೆಯದು ಸಿಗದೆಂದು ಊರು ತೀರ್ಮಾನಿಸಿತ್ತು.

ಮೊಬೈಲ್ ಅಂಗಡಿಯಲ್ಲಿ ಕೇಳಿದ್ದನ್ನು ಆ ಮಗಳಿಗೆ ಹೇಳಲು ಮರುದಿನವೇ ತೀರ್ಥಹಳ್ಳಿಗೆ ಹೋದೆ. ಈಗ ಅವರೂ ಮುದುಕಿ, ಗಂಡನೂ ಇಲ್ಲ. ಹುರುಳಿಯಲ್ಲಿ ಕಲ್ಲು ಆರಿಸುತ್ತಲೇ ಪೂರ್ತಿ ಕೇಳಿಸಿಕೊಂಡರು.

"ಅಮ್ಮ ಸಾಯೋ ಮುಂಚೆ, ಅವರು ಕುಡಿದಿದ್ದನ್ನ ಕ್ಷಮಿಸಿದೀನಿ ಅಂದ್ಲು. ನಾನೂ ಕ್ಷಮಿಸಿದ್ದೆ" ಎಂದರು.

ಆಮೇಲೆ ಒಳಗಿನ ಕೋಣೆಯತ್ತ ನೋಡಿ ದನಿ ತಗ್ಗಿಸಿದರು. "ಮೊಮ್ಮಗ ಒಳಗಿದಾನೆ. ಅವನ ಕುಡಿತ ಈಗಷ್ಟೇ ಬಿಟ್ಟಿದೆ. ನಮ್ಮಪ್ಪನ ಕಥೆ ಹೇಳಿ ಹೇಳಿನೇ ಬಿಡಿಸಿದ್ದು. ನೀವು ಅವನ ಹತ್ರ ಏನೂ ಹೇಳ್ಬೇಡಿ."

ಬಸ್ ಸ್ಟ್ಯಾಂಡಿನವರೆಗೆ ಕಳಿಸಲು ಆ ಮೊಮ್ಮಗನೇ ಬಂದ. ದಾರಿಯಲ್ಲಿ, ಮುತ್ತಜ್ಜನನ್ನು ನೀವು ಕಣ್ಣಾರೆ ಕಂಡಿದ್ದಿರಂತೆ, ಅಷ್ಟು ಕುಡೀತಿದ್ರಾ ಎಂದು ಕೇಳಿದ.

ಹೌದು ಎಂದೆ.