ಪೂಜೆಗಿಟ್ಟ ಪುಸ್ತಕದ ಕೊನೆಯ ಪುಟ

ಮಕ್ಕಳೇ, ನಾನು ನಿಮ್ಮಷ್ಟೇ ಚಿಕ್ಕವನಿದ್ದಾಗ, ನಾವೀಗಿರುವ ಈ ಕ್ಯಾಂಟನ್ ಊರಿನಿಂದ ಇಪ್ಪತ್ತು ಮೈಲಿ ದೂರದಲ್ಲಿ, ಡೆಟ್ರಾಯಿಟ್ ಹತ್ತಿರದ ಪುಟ್ಟ ಮನೆಯಲ್ಲಿದ್ದೆವು. ಅಪ್ಪನಿಗೆ ಕಾರು ಫ್ಯಾಕ್ಟರಿಯಲ್ಲಿ ಕೆಲಸ. ಆ ನವರಾತ್ರಿಯಲ್ಲಿ ನಾನು ಲೈಬ್ರರಿಯಿಂದ ಒಂದು ಯುದ್ಧದ ಕಾದಂಬರಿ ತಂದಿದ್ದೆ. ಶತ್ರುಗಳು ಹಿಡಿದಿದ್ದ ದ್ವೀಪ. ಅಲ್ಲಿನ ಗುಡ್ಡದಲ್ಲಿ ಅಡಗಿ ಕೂತು, ಕಡಲಲ್ಲಿ ಹೋಗುವ ಹಡಗುಗಳನ್ನು ನೋಡಿ, ರೇಡಿಯೊದಲ್ಲಿ ತನ್ನವರಿಗೆ ಸುದ್ದಿ ಕಳಿಸುವ ಒಬ್ಬ ಕಾವಲುಗಾರ. ಈಗ ಸುದ್ದಿ ಕಳಿಸಿದರೆ ಶತ್ರುಗಳಿಗೆ ಸಿಕ್ಕಿಬೀಳುತ್ತಾನೆ, ಕಳಿಸದಿದ್ದರೆ ಅವನ ಕಡೆಯ ಹಡಗು ಮುಳುಗುತ್ತದೆ. ಇನ್ನು ಎಂಟೇ ಪುಟ ಉಳಿದಿತ್ತು. ಅಷ್ಟರಲ್ಲಿ ಅಮ್ಮ ಮನೆಯ ಪುಸ್ತಕಗಳನ್ನೆಲ್ಲ ಬಾಚಿ ಸರಸ್ವತಿ ಪೂಜೆಗೆ ಇಟ್ಟುಬಿಟ್ಟಳು. ನನ್ನದೂ ಹೋಯಿತು!

ಪೂಜೆಗಿಟ್ಟ ಪುಸ್ತಕವನ್ನು ವಿಜಯದಶಮಿಯವರೆಗೆ ಓದುವ ಹಾಗಿಲ್ಲ. ಲೈಬ್ರರಿಗೋ ಮರುದಿನವೇ ಕೊಡಬೇಕು, ಅದಕ್ಕಾಗಿ ಇನ್ಯಾರೋ ಕಾಯುತ್ತಿದ್ದರು. "ರಿಟರ್ನ್ ಮಾಡೋದು ಬೇರೆ, ಓದೋದು ಬೇರೆ," ಅಂದರು ಅಪ್ಪ. ಅಂದರೆ ಒಯ್ಯಬಹುದು, ತೆರೆಯಬಾರದು. ಇದೆಂಥ ನ್ಯಾಯ? ನನಗೆ ತಲೆಬುಡ ಅರ್ಥವಾಗಲಿಲ್ಲ.

ಸಂಜೆ ಅಡುಗೆಮನೆಯಿಂದ ಉಸಲಿಗೆ ಹಾಕಿದ ಇಂಗಿನ ಒಗ್ಗರಣೆ ಘಮ್ಮೆನ್ನುತ್ತಿತ್ತು. ಅಕ್ಕನನ್ನು ಬಾಗಿಲಲ್ಲಿ ಕಾವಲಿಗೆ ನಿಲ್ಲಿಸಿದೆ. ಅಮ್ಮ ಬಂದರೆ ಕೆಮ್ಮಬೇಕು. ಪುಸ್ತಕ ಎತ್ತಿಕೊಂಡೆ. ರಟ್ಟಿನ ಮೇಲಿದ್ದ ಕುಂಕುಮ ಬೆರಳಿಗೆ ಮೆತ್ತಿತು. ಅರ್ಧ ಪುಟ ಓದಿರಬೇಕು, ಕೆಮ್ಮೇ ಕೇಳಿಸಲಿಲ್ಲ, ಅಮ್ಮ ಎದುರಿಗೇ ನಿಂತಿದ್ದಳು. ಕಾವಲು ಬಿಟ್ಟ ಅಕ್ಕ ನನ್ನ ಹೆಗಲ ಮೇಲಿಂದ ಓದುತ್ತಿದ್ದಳು, ಕತ್ತೆ!

"ಸರಸ್ವತಿ ಮುನಿಸ್ಕೊಂಡ್ರೆ ವಿದ್ಯೆ ಹತ್ತತ್ತೇನೋ?" ಎಂದು ಅಮ್ಮ ಪುಸ್ತಕ ಕಿತ್ತುಕೊಂಡು, ಕಣ್ಣಿಗೊತ್ತಿಕೊಂಡು, ಮತ್ತೆ ಪೂಜೆಗಿಟ್ಟಳು.

"ಅವನು ಸತ್ತೋಗ್ತಾನಮ್ಮ!" ಎಂದು ನಾನು ಅತ್ತೇಬಿಟ್ಟೆ.

ಮರುದಿನ ಶಾಲೆಯಿಂದ ಬರುವಷ್ಟರಲ್ಲಿ ಅಮ್ಮನೇ ನಡೆದು ಹೋಗಿ ಪುಸ್ತಕ ಕೊಟ್ಟು ಬಂದಿದ್ದಳು. ನನ್ನ ಕೈಗೆ ಉಸಲಿ ಬಟ್ಟಲಿಟ್ಟು, "ಸುದ್ದಿ ಕಳಿಸಿ, ಬದುಕಿ ಮನೆಗೆ ಬಂದ್ನಂತೆ ಕಣೋ. ಅವರಮ್ಮ ಬಾಗಿಲಲ್ಲೇ ನಿಂತಿದ್ರಂತೆ," ಅಂದಳು.

"ಯಾರು ಹೇಳಿದ್ರು?"

"ಲೈಬ್ರರಿಯವ್ರು."

ನಂಬಿದೆ.

ಹೈಸ್ಕೂಲಿಗೆ ಬಂದ ಮೇಲೆ ಅದೇ ಲೈಬ್ರರಿಯಲ್ಲಿ ಅದೇ ಪುಸ್ತಕ ಸಿಕ್ಕಿತು. ಕಾವಲುಗಾರ ಸುದ್ದಿ ಕಳಿಸುತ್ತಾನೆ, ಕೊನೆಯ ಪುಟದಲ್ಲಿ ಸಾಯುತ್ತಾನೆ. ನಾನೆಂದೂ ಮುಟ್ಟದ ಆ ಪುಟದ ಅಂಚಿನಲ್ಲಿ ಕುಂಕುಮದ ಬೆರಳ ಗುರುತಿತ್ತು.

ನಿಮಗೆ ಕಥೆಯ ಕೊನೆ ಬೇಕೆಂದರೆ ಫೋನಿನಲ್ಲಿ ಅರೆಕ್ಷಣದಲ್ಲಿ ನೋಡಿಬಿಡುತ್ತೀರಿ, ಮಕ್ಕಳೇ. ನನಗಾಗಿ ನೋಡಿ ಬಂದವಳು ಅಮ್ಮ. ಸರಸ್ವತಿಗೆ ಅಷ್ಟು ಹೆದರುತ್ತಿದ್ದವಳು ಪೂಜೆಗಿಟ್ಟಿದ್ದನ್ನು ಓದಿದ್ದು ಸರಿಯೋ, ನನಗೆ ಸುಳ್ಳು ಹೇಳಿದ್ದು ಸರಿಯೋ, ಈಗಲೂ ನನಗೆ ಗೊಂದಲವೇ. ಆದರೆ ಆ ಕಾವಲುಗಾರ ನೆನಪಾದಾಗಲೆಲ್ಲ ಅವನು ಮನೆಗೇ ಬರುತ್ತಾನೆ, ಅವನ ಅಮ್ಮ ಬಾಗಿಲಲ್ಲಿ ನಿಂತಿರುತ್ತಾಳೆ.