ಸೆರಗಿನ ಮೇಲೆ ಕೂತ ಹೊಳಪು

ನಾನು ಕೆಲಸ ಮಾಡುವುದು ನಂಜನಗೂಡಿನ ಕೈಗಾರಿಕಾ ಪ್ರದೇಶದ ಪಾಲಿಯೆಸ್ಟರ್ ನೂಲಿನ ಕಾರ್ಖಾನೆಯೊಂದರಲ್ಲಿ. ಓದಿದ್ದು ಏಳನೇ ಕ್ಲಾಸು. ಹೀಟರ್ ಮುಂದೆ ನಿಂತು ನಿಂತು ಒಂದಿಷ್ಟು ಕಲಿತಿದ್ದೇನೆ. ನೂಲನ್ನು ಎಳೆದು ಹಿಡಿದು ಕಾಯಿಸಿದರೆ ಅದು ಅದೇ ಆಕಾರದಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಕಾವು ಹೆಚ್ಚುಕಡಿಮೆಯಾದರೂ ಬರಿಗಣ್ಣಿಗೆ ಬೆಳ್ಳಗೇ ಇರುತ್ತದೆ. ಪರೀಕ್ಷೆಗೆಂದು ಒಂದಿಷ್ಟು ನೂಲನ್ನು ಕಾಲುಚೀಲದಂತೆ ಹೆಣೆದು ಬಣ್ಣದಲ್ಲಿ ಅದ್ದಿದಾಗಲೇ ಪಟ್ಟೆಪಟ್ಟೆಯಾಗಿ ಬಂಡವಾಳ ಬಯಲಾಗುವುದು. ಇಷ್ಟು ತಿಳಿದದ್ದೇ ಕೇಡಾಯಿತು.

ತಂಗಿಯನ್ನು ನರಸೀಪುರಕ್ಕೆ ಕೊಟ್ಟಿದ್ದೇವೆ. ಅವಳು ಮನೆಯಲ್ಲೇ ಗಿರಾಕಿಗಳ ಸೀರೆಗೆ ನೆರಿಗೆ ಹಿಡಿದು, ಇಸ್ತ್ರಿ ಮಾಡಿ, ಪಿನ್ ಹಾಕಿ ಮಡಿಸಿಕೊಡುತ್ತಾಳೆ. ಉಡುವವರು ಸುತ್ತಿಕೊಂಡರಾಯಿತು. ಒಂದು ರಜೆಯ ದಿನ ನಾನು ಹೋದಾಗ ಎದುರುಮನೆಯಾಕೆಯ ಸೀರೆಯೊಂದಿಗೆ ಗುದ್ದಾಡುತ್ತಿದ್ದಳು. ಆಕೆಯ ಮಗಳ ನಿಶ್ಚಿತಾರ್ಥಕ್ಕೆಂದು ತಂದದ್ದು; ರೇಷ್ಮೆಯಂತೆ ಕಾಣುವ ಪಾಲಿಯೆಸ್ಟರ್.

"ಹಾಳಾದ್ದು ಜಾರ್ಕೊಂಡೇ ಓಯ್ತದೆ ಕಣಣ್ಣ. ಸೆರಗ್ನ ಬೆಳಿಗ್ಗೆನೇ ತೀಡಿದ್ದೀನಿ, ನೆರ್ಗೆ ನಿಲ್ಲಾಕಿಲ್ಲ."

"ಕಾವು ಸಾಲ್ದು ಕಣವ್ವ. ಒಂದ್ಸಲ ಸರ್ಯಾಗಿ ಕಾಯ್ಸುದ್ರೆ ಸೀರೆ ಅರಿಯೋಗಂಟ ನೆರ್ಗೆ ನಿಂತ್ಕತದೆ."

"ಓಹೋ, ಇಂಜಿನಿಯರ್ ಸಾಹೇಬ್ರು ಬಂದ್ಬುಟ್ರು" ಎಂದು ನಗುತ್ತಾ ಹಾಲು ತರಲು ಅಂಗಡಿಗೆ ಹೋದಳು.

ನಾನು ಇಸ್ತ್ರಿಪೆಟ್ಟಿಗೆಯ ಕಾವಿನ ತಿರುಪನ್ನು ಕೊನೆಯವರೆಗೂ ತಿರುಗಿಸಿ ಸೆರಗಿನ ಮೇಲೆ ಒತ್ತಿ ಹಿಡಿದೆ. ಕಾರ್ಖಾನೆಯಲ್ಲಿ ನೂಲು ಹೀಟರ್ ಮುಂದೆ ನಿಲ್ಲುವುದೇ ಇಲ್ಲ, ಕಣ್ಣು ಮಿಟುಕಿಸುವಷ್ಟರಲ್ಲಿ ಓಡಿಬಿಡುತ್ತದೆ. ದಿನಾ ನೋಡುವವನಿಗೆ ಅದು ನೆನಪಾಗಲಿಲ್ಲ. ಪೆಟ್ಟಿಗೆ ಎತ್ತಿದಾಗ ಎಳೆಗಳೆಲ್ಲ ಚಪ್ಪಟೆಯಾಗಿ ಆ ಜಾಗ ಎಣ್ಣೆ ಸವರಿದಂತೆ ಮಿರುಗುತ್ತಿತ್ತು. ಅಂಚು ಸುರುಟಿ ಬಿರುಸಾಗಿತ್ತು. ನೀರು ಚಿಮುಕಿಸಿದೆ. ಉಜ್ಜಿದೆ. ಒದ್ದೆ ಬಟ್ಟೆ ಹಾಕಿ ಮತ್ತೆ ತೀಡಿದೆ. ಉಪಯೋಗವಿಲ್ಲವೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಒಮ್ಮೆ ಕೂತದ್ದನ್ನು ಬಿಡಿಸಲು ಇನ್ನೂ ಹೆಚ್ಚಿನ ಕಾವು ಬೇಕು. ಅಷ್ಟು ಕೊಟ್ಟರೆ ಸೀರೆಯೇ ಕರಗುತ್ತದೆ. ಗೊತ್ತಿದ್ದೂ ಉಜ್ಜುತ್ತಲೇ ಇದ್ದೆ, ನನ್ನ ಮೇಲೇ ಸಿಟ್ಟು ಬರುವವರೆಗೆ.

ಬಾಗಿಲ ಸದ್ದಾಯಿತು. ತಿರುಪನ್ನು ಹಿಂದಕ್ಕೆ ತಿರುಗಿಸಿ, ಸೆರಗನ್ನು ಒಳಮಡಿಕೆಗೆ ಸೇರಿಸಿಬಿಟ್ಟೆ.

"ಮುಟ್ದಾ ಸೀರೆಯ?"

"ಇಲ್ಲವ್ವ."

ಅವಳು ಸೆರಗನ್ನು ಬಿಚ್ಚಿ ನೋಡದೆ ಉಳಿದ ನೆರಿಗೆ ತೀಡಿ ಮುಗಿಸಿದಳು. ಸಂಜೆ ಎದುರುಮನೆಯಾಕೆ ಬಂದು ನಮ್ಮೆದುರೇ ಸೀರೆಯ ಮಡಿಕೆ ಬಿಚ್ಚಿದರು.

"ಏನವ್ವಾ ಇದು, ನಾನು ಸೀರೆ ಕೊಟ್ಟಿದ್ನೋ ಪ್ಲಾಸ್ಟಿಕ್ ಕವರ್ ಕೊಟ್ಟಿದ್ನೋ? ನಾಳೀಕೆ ಏನ್ ಉಡುಸ್ಲಿ ನಮ್ ಮಗೀಗೆ?"

ತಂಗಿ ಸೆರಗನ್ನು ಕೈಗೆತ್ತಿಕೊಂಡು ನೋಡಿದಳು. "ಬೆಳಿಗ್ಗೆ ನಾನೇ ತೀಡಿದ್ದು ಅಕ್ಕ. ಪೆಟ್ಗೆ ಕಾವು ಎಚ್ಚಾಗ್ಬುಟ್ಟದೆ, ಗೊತ್ತಾಗ್ನಿಲ್ಲ. ನನ್ದೇ ತಪ್ಪು." ಆಮೇಲೆ ನನ್ನತ್ತ ತಿರುಗಿದಳು. "ನೂಲಿನ್ ಇಚಾರ ನಿಂಗೇ ಗೊತ್ತಲ್ಲಣ್ಣ, ಪೆಟ್ಗೆ ಕೆಟ್ರೆ ಇಂಗಾಯ್ತದೆ ಅಲ್ವಾ?"

"ಆಯ್ತದೆ" ಎಂದೆ.

ಆ ಪೆಟ್ಟಿಗೆಯನ್ನು ಅವಳು ರಿಪೇರಿಗೆ ಒಯ್ದಳು. ಏನೂ ಕೆಟ್ಟಿಲ್ಲವೆಂದು ರಿಪೇರಿಯವನು ವಾಪಸ್ಸು ಕೊಟ್ಟನಂತೆ. ಅಲ್ಲಿಗೆ ತಪ್ಪು ತನ್ನ ಕೈಯದೇ ಎಂದು ನಂಬಿಬಿಟ್ಟಳು. ಪಾಲಿಯೆಸ್ಟರ್ ಸೀರೆಯನ್ನು ಈಗ ಅವಳು ಮುಟ್ಟುವುದೇ ಇಲ್ಲ. ಜನ ಹೆಚ್ಚಾಗಿ ತರುವುದೇ ಅದು.

ಹೋದ ವಾರ ನಾನು ಅಲ್ಲಿದ್ದಾಗಲೇ ಒಬ್ಬಾಕೆ ಅಂಥದೇ ಸೀರೆ ತಂದಿದ್ದರು. ತಂಗಿ ಬಾಗಿಲಲ್ಲೇ ನಿಂತು, "ಬ್ಯಾಡ ಕಣಕ್ಕ, ನಂಗೆ ಇದು ಬರಾಕಿಲ್ಲ. ಬೇರೆ ಕಡೆ ಕೊಡಿ" ಎಂದಳು. ಅವಳಿಗೆ ಬರುತ್ತದೆ; ನನಗಿಂತ ಚೆನ್ನಾಗಿ ಬರುತ್ತದೆ.

ಆಕೆ ಮೆಟ್ಟಿಲಿಳಿದು ಹೋದರು. ತಂಗಿ ಒಳಗೆ ಬಂದು, "ಕಾಫಿ ಕುಡಿಯಣ್ಣ, ಆರೋಯ್ತದೆ" ಎಂದಳು. ನಾನು ಕುಡಿದೆ.